ನಿಂತ ಕುದುರೆಗೆ ಲಾಳ

ಹಿತ್ತಿಲ ಬೇಲಿ ಮುರಿದು ಕುದುರೆಯೊಂದು ಒಳಕ್ಕೆ ನುಗ್ಗಿದಾಗ ಶರೀಫುನ್ನೀಸಾ ಒಲೆಯ ಮುಂದೆ ಕೂತು ಹುರುಳಿ ಬೇಯಿಸುತ್ತಿದ್ದಳು. ಬೇರೆ ಹುಡುಗಿಯಾಗಿದ್ದರೆ ಕಿರುಚಿಕೊಂಡು ಒಳಗೆ ಓಡುತ್ತಿದ್ದಳು. ಇವಳು ಬೆಂಗಳೂರಿನ ರಿಸಾಲೆ ಲೈನಿನಲ್ಲಿ, ಮಹಾರಾಜರ ಕುದುರೆ ಪಡೆಯ ನಡುವೆ ಹುಟ್ಟಿ ಬೆಳೆದವಳು. ಸೌಟು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡು ಎದ್ದು ನಿಂತಳು.

ಎತ್ತರವೆಂದರೆ ಅಂಥ ಎತ್ತರ. ಕುದುರೆಯ ಬೆನ್ನು ಅವಳ ತಲೆಗಿಂತ ಮೇಲಿತ್ತು. ಕೊರಳಲ್ಲಿ ತುಂಡಾದ ಹಗ್ಗ ಜೋತಾಡುತ್ತಿತ್ತು. ಅವಳು ಅದರ ಕಣ್ಣನ್ನು ನೋಡದೆ ಪಕ್ಕಕ್ಕೆ ಸರಿದು, ಗಂಟಲಲ್ಲೇ ಸಣ್ಣಗೆ ಸದ್ದು ಮಾಡುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ಅದೇ ಮೂಗು ಚಾಚಿ ಅವಳ ಭುಜ ಮೂಸಿತು. ಹುರುಳಿಯ ವಾಸನೆಗೋ, ಕೊಟ್ಟಿಗೆಯಲ್ಲಿದ್ದ ಮುದಿ ಹೆಣ್ಣುಕುದುರೆ ಮೋತಿಯ ವಾಸನೆಗೋ, ಯಾರಿಗೆ ಗೊತ್ತು.

ಬೇಲಿಯ ಸಂದಿಯಲ್ಲಿ ಒಬ್ಬ ಯುವಕ ಏದುಸಿರು ಬಿಡುತ್ತಾ ಬಂದು ನಿಂತ. ಮೈಯೆಲ್ಲಾ ಧೂಳು, ರುಮಾಲು ಬಿಚ್ಚಿ ಕೊರಳಿಗೆ ಬಿದ್ದಿದೆ, ಕೈಯಲ್ಲಿ ಹಗ್ಗದ ಇನ್ನೊಂದು ತುಂಡು. ಅವಳ ಸೋದರತ್ತೆ ಮುನ್ನೀಬಿಯ ಒಬ್ಬನೇ ಮಗ ಶಂಶುದ್ದೀನ್. ಅಪ್ಪನ ಜೊತೆ ಅವಳು ಹುಣಸೂರಿಗೆ ಬಂದು ವರ್ಷವಾಗಿತ್ತು. ಈ ವರ್ಷದಲ್ಲಿ ಅವನನ್ನು ನೋಡಿದ್ದು ಹಬ್ಬಗಳಲ್ಲಿ ಮಾತ್ರ, ಅದೂ ಬಾಗಿಲ ಮರೆಯಿಂದ.

"ಹಗ್ಗ ಯಾಕೆ?" ಅಂದಳು.

"ಲಾಳ ಹೊಡಿಯಾಕೆ."

"ಹಗ್ಗದಲ್ಲಾ?"

"ಮೊದ್ಲು ಕೆಡವಬೇಕಲ್ಲ," ಅಂದ ಅವನು, ಇದೂ ಗೊತ್ತಿಲ್ಲವೇ ಅನ್ನುವ ಹಾಗೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಡ್ಡ ಹಿಡಿದುಕೊಂಡರೂ ಕಣ್ಣುಗಳು ನಗುತ್ತಲೇ ಇದ್ದವು. ಅವನು ಆ ಕಣ್ಣುಗಳನ್ನು ನೋಡಿದ, ಕುದುರೆಯನ್ನು ನೋಡಿದ, ಕೈಯಲ್ಲಿದ್ದ ಹಗ್ಗ ನೋಡಿಕೊಂಡ. ಕಿವಿಯ ತುದಿ ಕೆಂಪಗಾಯಿತು.

ಪಾಪ, ಅವನ ತಪ್ಪೇನೂ ದೊಡ್ಡದಲ್ಲ. ಶಂಶುದ್ದೀನನದು ಲಾಳ ಹೊಡೆಯುವ ಮನೆತನವೇ, ಆದರೆ ಎತ್ತಿಗೆ. ಕೊಡಗಿನ ಕಡೆಯಿಂದ ಮರ ಹೇರಿ ತರುವ ಗಾಡಿ ಎತ್ತುಗಳೆಲ್ಲ ಅವನ ಮನೆ ಮುಂದೆ ಬಂದು ನಿಲ್ಲುತ್ತಿದ್ದವು. ಎತ್ತಿಗೆ ಹಗ್ಗ ಸುತ್ತಿ, ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಸೇರಿಸಿ ಬಿಗಿದ ಮೇಲೇ ಮೊಳೆ ಹೊಡೆಯುವುದು. ಅವತ್ತು ಊರಿಗೆ ಬಂದ ರಿಸಾಲೆಯ ದಫೇದಾರನೊಬ್ಬನ ಕುದುರೆ ದಾರಿಯಲ್ಲಿ ಲಾಳ ಕಳಚಿ ಕುಂಟುತ್ತಿತ್ತು, ಅದಕ್ಕೂ ಅವನು ಅದನ್ನೇ ಮಾಡಲು ಹೋಗಿದ್ದ.

"ನಾನು ಬಡ್ಕೊಂಡೆ ಕಣವ್ವ," ಅನ್ನುತ್ತಾ ಹಿಂದೆಯೇ ಬಂದ ಗುರುಪುರದ ಗಾಡಿ ಕಂಠಪ್ಪ. "ಲೇ ಶಂಸು, ಇದು ಎತ್ತಲ್ಲ ಕಣ್ಲಾ, ಬುಡ್ಲಾ ಅಂತ. ಕೇಳ್ನಿಲ್ಲ. ಅದು ಎರಡು ಕಾಲ್ ಮ್ಯಾಗೆ ಎದ್ದು ನಿಂತ್ಕತು ನೋಡು, ನಾನು ಗಾಡಿ ಕೆಳಗೆ ಒಂಟೋದೆ."

ಕುದುರೆಯ ಒಡೆಯ ದಫೇದಾರ್ ಸರ್ದಾರ್ ಪಾಷಾ ಮೀಸೆ ಅದುರಿಸುತ್ತಾ ಬರುವಷ್ಟರಲ್ಲಿ ಶರೀಫಾ ಪಡಸಾಲೆಯ ಬಿದಿರಿನ ತಟ್ಟಿಯ ಹಿಂದೆ ಸೇರಿಕೊಂಡಿದ್ದಳು. ಬೈಯಲೆಂದು ಬಂದ ದಫೇದಾರ ಮಂಚದ ಮೇಲೆ ಕೂತಿದ್ದ ಅವಳ ಅಪ್ಪ ಪೀರ್ ಸಾಬ್‌ರನ್ನು ಕಂಡು ಅಲ್ಲೇ ನಿಂತು ಸಲಾಮು ಹೊಡೆದ. ರಿಸಾಲೆಯಲ್ಲಿ ಅವನಿಗೆ ಕುದುರೆ ಹತ್ತಲು ಕಲಿಸಿದವರೇ ಅವರು. ಕುದುರೆ ಮೇಲಿಂದ ಬಿದ್ದು ಬಲಗೈ ಸತ್ತುಹೋಗಿ, ಪಿಂಚಣಿ ತೆಗೆದುಕೊಂಡು ಊರಿಗೆ ಬಂದಿದ್ದರು.

ಜರ್ಮನಿ ಯುದ್ಧ ಶುರುವಾಗಿ ಎರಡು ವರ್ಷ ಕಳೆದಿತ್ತು. ಮೈಸೂರಿನ ರಿಸಾಲೆ ಕಡಲು ದಾಟಿ ಮಿಸ್ರ್ ದೇಶದಲ್ಲಿತ್ತು, ಈಜಿಪ್ಟ್ ಅನ್ನುತ್ತಾರಲ್ಲ, ಅದು. ದಫೇದಾರ ಬಂದಿದ್ದದ್ದು ಆಳು ಸೇರಿಸಲು.

"ಸವಾರರು ಸಿಕ್ತಾರೆ ಉಸ್ತಾದ್. ಲಾಳ ಹೊಡೆಯೋರು ಸಿಗ್ತಾ ಇಲ್ಲ," ಅಂದ. "ಅಲ್ಲಿ ಮರಳು, ಕಲ್ಲು. ಲಾಳ ಇಲ್ಲದಿದ್ರೆ ಕುದುರೆ ಇದ್ದೂ ಇಲ್ಲ."

ಆಮೇಲೆ ಅವನೇ ಬಗ್ಗಿ ತನ್ನ ಕುದುರೆಯ ಮುಂಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹಗ್ಗವಿಲ್ಲ, ಎಳೆದಾಟವಿಲ್ಲ. ಅಷ್ಟು ದೊಡ್ಡ ಪ್ರಾಣಿ ಮೂರು ಕಾಲಿನ ಮೇಲೆ ನಿಂತು, ನಾಲ್ಕನೆಯದನ್ನು ಮನುಷ್ಯನ ಮಡಿಲಿಗೆ ಬಿಟ್ಟುಕೊಟ್ಟು, ಬಾಲದಿಂದ ನೊಣ ಓಡಿಸುತ್ತಿತ್ತು. ಮೊಳೆ ಹೊಡೆಯಬೇಕಿದ್ದ ಶಂಶುದ್ದೀನ್ ಸುತ್ತಿಗೆ ಹಿಡಿದು ಹಾಗೇ ನಿಂತುಬಿಟ್ಟ. ಬಾಯಿ ಅರ್ಧ ತೆರೆದಿತ್ತು, ಕಣ್ಣು ತುಂಬಿತ್ತು.

ತಟ್ಟಿಯ ಹಿಂದಿನಿಂದ ಶರೀಫಾ ನೋಡಿದ್ದು ಆ ಮುಖವನ್ನು. ಕುದುರೆ ಕಾಲು ಎತ್ತುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅದರಲ್ಲಿ ಇಂಥ ಬೆರಗು ಇದೆಯೆಂದು ಯಾವತ್ತೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಅವಳು ಅವನನ್ನು ಪ್ರೀತಿಸಿದ್ದು ಆ ಗಳಿಗೆಯಿಂದಲೇ, ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

"ಪಿರಿಯಾಪಟ್ಟಣ, ಕೋಟೆ, ಎಡತೊರೆ ಸುತ್ಕೊಂಡು ಬಕ್ರೀದ್ ಕಳೆದ ಮೇಲೆ ಇದೇ ದಾರೀಲಿ ಬರ್ತೀನಿ," ಅಂದ ದಫೇದಾರ ಹೊರಡುತ್ತಾ. "ಆಗ ಇದೇ ಕುದುರೆಗೆ, ನಿಂತ ಹಾಗೇ, ಒಬ್ಬನೇ ನಾಲ್ಕು ಲಾಳ ಹೊಡಿ. ಹೊಡೆದ್ರೆ ನಿನ್ನ ಕರ್ಕೊಂಡು ಹೋಗ್ತೀನಿ."

ಮಾರನೇ ದಿನ ಬೆಳಿಗ್ಗೆ ಶಂಶುದ್ದೀನ್ ಮಾವನ ಮಂಚದ ಮುಂದೆ ಬಂದು ಕೂತ. "ಕಲಿಸ್ಕೊಡಿ ಮಾಮೂ."

"ನನ್ನ ಕೈ ನೋಡೋ," ಅಂದರು ಪೀರ್ ಸಾಬ್. "ಬಾಯಲ್ಲಿ ಹೇಳ್ತೀನಿ. ಕೈಯಲ್ಲಿ ತೋರಿಸ್ಬೇಕು ಅಂದ್ರೆ ಶರೀಫಾನೇ ತೋರಿಸ್ಬೇಕು."

ಹೀಗೆ, ಅವನನ್ನು ಕಡಲಾಚೆ ಕಳಿಸುವ ವಿದ್ಯೆಯನ್ನು ಅವಳೇ ಅವನಿಗೆ ಕಲಿಸಬೇಕಾಗಿ ಬಂತು.

ಮೊದಲ ದಿನ ಅವನು ಮೋತಿಯ ಹಿಂದಿನಿಂದ ಬಂದ.

"ಹಿಂದಿಂದ ಬಂದ್ರೆ ಅವಳಿಗೆ ಆಗಲ್ಲ," ಅಂದಳು ಶರೀಫಾ. "ಎದುರಿಂದ ಬನ್ನಿ. ನೀವು ಯಾರು ಅಂತ ಗೊತ್ತಾಗ್ಲಿ."

"ಯೋಳ್ಬೇಕಾ, ನಾನು ಶಂಸುದ್ದೀನ ಅಂತ?"

"ಹೇಳಿದ್ರೆ ತಪ್ಪಿಲ್ಲ."

ಅವನು ನಿಜವಾಗಿಯೂ ಮೋತಿಯ ಕಿವಿಯ ಹತ್ತಿರ ಬಗ್ಗಿ ಹೆಸರು ಹೇಳಿಕೊಂಡ. ಹೇಳುತ್ತಾ ಓರೆಗಣ್ಣಿನಲ್ಲಿ ಶರೀಫಾಳನ್ನು ನೋಡಿದ. ಅವಳು ಹುಲ್ಲಿನ ಕಡೆ ತಿರುಗಿಕೊಂಡಳು. ಮಂಚದ ಮೇಲೆ ಪೀರ್ ಸಾಬ್ ಕೆಮ್ಮಿದರು. ಆ ಮನೆಯಲ್ಲಿ ಆ ಕೆಮ್ಮಿಗೆ ತುಂಬಾ ಕೆಲಸವಿತ್ತು.

ಅಂಗೈಯನ್ನು ಭುಜದ ಮೇಲಿಟ್ಟು, ಎತ್ತದೆ, ನಿಧಾನವಾಗಿ ಮಂಡಿಯವರೆಗೆ, ಅಲ್ಲಿಂದ ಗೊರಸಿನವರೆಗೆ ಇಳಿಸಬೇಕು. ಶರೀಫಾ ಹಾಗೆ ಇಳಿಸಿದರೆ ಮೋತಿ ಕಾಲು ಮಡಿಸಿ ಕೊಡುತ್ತಿತ್ತು. ಶಂಶುದ್ದೀನ್ ಇಳಿಸಿದರೆ ಕಂಬದ ಹಾಗೆ ನಿಲ್ಲುತ್ತಿತ್ತು.

"ನಿಮ್ಮ ಉಸಿರು ಎಲ್ಲಿ?"

"ಆಂ?"

"ಕಟ್ಕೊಂಡಿದೀರಿ. ನೀವು ಉಸಿರು ಕಟ್ಟಿದ್ರೆ ಏನೋ ಕೆಟ್ಟದ್ದು ಆಗುತ್ತೆ ಅಂತ ಅವಳಿಗೆ ತಿಳಿಯುತ್ತೆ. ಬಿಡಿ."

ಅವನು ಬಿಟ್ಟ. ಭುಜ ಇಳಿಯಿತು. ಆದರೂ ಮೋತಿ ಕೊಡಲಿಲ್ಲ. ಮಾರನೇ ದಿನವೂ ಕೊಡಲಿಲ್ಲ. ಅವನು ದಿನಾ ಬಂದ, ಎದುರಿನಿಂದ ಬಂದ, ಹೆಸರು ಹೇಳಿಕೊಂಡ. ಒಂದು ಬೆಳಿಗ್ಗೆ, ಅವನು ಕಂಠಪ್ಪನ ಎತ್ತಿನ ಏನೋ ಸುದ್ದಿ ಹೇಳುತ್ತಾ ಮೈಮರೆತಿದ್ದಾಗ, ಮೋತಿ ತಾನಾಗೇ ಕಾಲನ್ನು ಅವನ ಕೈಗೆ ಇಟ್ಟಿತು.

ಮಾತು ಅರ್ಧಕ್ಕೇ ನಿಂತಿತು. ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಬಗ್ಗಿ ನಿಂತಿದ್ದ. ಮೊಳೆಯೂ ಇಲ್ಲ, ಸುತ್ತಿಗೆಯೂ ಇಲ್ಲ.

"ಇಷ್ಟ್ ವರ್ಸ ಎತ್ತು ಕೆಡವ್ದೆ," ಅಂದ ಕೊನೆಗೆ, ತುಂಬಾ ಮೆಲ್ಲಗೆ. "ಒಂದೂ ನನ್ ಮಕ ನೋಡ್ನಿಲ್ಲ. ನಾನೂ ಅದ್ರ ಮಕ ನೋಡ್ನಿಲ್ಲ. ಕಟ್ಟಾಕ್ದೆ, ಹೊಡ್ದೆ, ಬುಟ್ಟೆ. ಇದು ತಾನಾಗೇ ಕೊಡ್ತು ಶರೀಫಾ. ಇಂಗೂ ಇರ್ತದೆ ಅಂತ ಗೊತ್ತಿರ್ನಿಲ್ಲ ನಂಗೆ."

ಅವನು ಶರೀಫಾಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆ ಹೆಸರನ್ನು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡಳು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಇವನು ಇನ್ನು ಹೋಗುತ್ತಾನೆ.

ಹೋಗುವ ತಯಾರಿಯೇ ಆ ಮೇಲೆ ನಡೆದದ್ದು. ಪೀರ್ ಸಾಬ್ ಪೆಟ್ಟಿಗೆಯಿಂದ ತಮ್ಮ ಹಳೇ ಬೂಟು ತೆಗೆಸಿಕೊಟ್ಟರು. ಹುಟ್ಟಿನಿಂದ ಬರಿಗಾಲಲ್ಲಿ ನಡೆದವನು ಬೂಟು ಹಾಕಿಕೊಂಡು ಅಂಗಳದಲ್ಲಿ ಬಾತುಕೋಳಿಯ ಹಾಗೆ ನಡೆದ. ಸಿಪಾಯಿಗಳ ಹಾಗೆ ಮೊಣಕಾಲವರೆಗೆ ಬಟ್ಟೆಯ ಪಟ್ಟಿ ಸುತ್ತುವುದನ್ನು ಕಲಿತ. ಸುತ್ತಿ ಮುಗಿಸುವಷ್ಟರಲ್ಲಿ ಮೊದಲನೇ ಸುತ್ತು ಬಿಚ್ಚಿಕೊಂಡಿರುತ್ತಿತ್ತು.

"ಮಿಸ್ರ್‌ನಲ್ಲಿ ದುಶ್ಮನ್ ಬಂದ್ರೆ 'ಸ್ವಲ್ಪ ಇರಪ್ಪಾ, ಪಟ್ಟಿ ಸುತ್ಕೊತಾ ಇದೀನಿ' ಅನ್ನಿ," ಅಂದಳು ಶರೀಫಾ.

"ನೀನು ಬಂದು ಸುತ್ಕೊಡು."

ಪೀರ್ ಸಾಬ್ ಕೆಮ್ಮಿದರು.

ಅವರ ಪಾಠ ಬೇರೆಯೇ. "ಧೈರ್ಯ ಆಮೇಲೆ. ಮೊದಲು ಕಹಳೆಗೆ ಏಳೋದು ಕಲಿ. ನಿನ್ನ ಕುದುರೆ ನೀರು ಕುಡಿಯೋ ತನಕ ನಿನ್ನ ಗಂಟಲಿಗೆ ನೀರು ಹರಾಮ್ ಅಂದ್ಕೋ. ಮಳೆ ಬಂದ್ರೆ ಕಂಬಳಿ ಅದಕ್ಕೆ, ನಿನಗಲ್ಲ. ಹಡಗಿನಲ್ಲಿ ಅವು ದಿನಗಟ್ಟಲೆ ನಿಂತೇ ಇರ್ತವೆ. ನೀನೂ ಪಕ್ಕದಲ್ಲಿ ನಿಂತಿರ್ಬೇಕು."

"ಕಡಲು ಎಂಗಿರ್ತದೆ ಮಾಮೂ?"

ಪೀರ್ ಸಾಬ್ ಎಡಗೈಯಿಂದ ಹೊಳೆಯ ದಿಕ್ಕು ತೋರಿಸಿದರು. "ಲಕ್ಷ್ಮಣತೀರ್ಥ ಹೊಳೆ ತುಂಬಿದಾಗ ನೋಡಿದೀಯಲ್ಲ. ಅದಕ್ಕೆ ಆಚೆ ದಡ ಇಲ್ಲ ಅಂತ ಅಂದ್ಕೋ."

ದಡವಿಲ್ಲದ ನೀರನ್ನು ಮನಸ್ಸಿನಲ್ಲಿ ತಂದುಕೊಳ್ಳಲು ಶರೀಫಾ ಪ್ರಯತ್ನಿಸಿದಳು. ಪ್ರತಿ ಸಲವೂ ಎಲ್ಲೋ ಒಂದು ದಡ ಬಂದೇಬಿಡುತ್ತಿತ್ತು.

ಇನ್ನೊಂದು ದಿನ ಅವನು ಕೇಳಬೇಕಾದದ್ದನ್ನೇ ಕೇಳಿದ. "ಅಲ್ಲಿ ಎದ್ರುಗಡೆ ಇರೋರು ತುರ್ಕಿ ದೇಸ್ದೋರಂತೆ. ನಮ್ಮಂಗೇ ನಮಾಜು ಮಾಡೋರು."

"ಹೌದು. ಅದಕ್ಕೆ ನನ್ನ ಹತ್ರ ಜವಾಬಿಲ್ಲ," ಅಂದರು ಪೀರ್ ಸಾಬ್. "ಸೇರಿದ ಮೇಲೆ ಹುಕುಂ ಬಂದ ಕಡೆ ಹೋಗೋದೇ. ಆಗ ಕೇಳೋ ಹಾಗಿಲ್ಲ. ಅದಕ್ಕೇ ಕೇಳೋದನ್ನೆಲ್ಲ ಈಗ ಕೇಳ್ಕೋ, ನಿನ್ನನ್ನ ನೀನೇ ಕೇಳ್ಕೋ. ಯಾರೂ ಬಲವಂತ ಮಾಡಿಲ್ಲ."

ಅವನು ಎರಡು ದಿನ ಬರಲಿಲ್ಲ. ಶರೀಫಾ ಆ ಎರಡು ದಿನ ದುವಾ ಮಾಡಿದಳು. ಬಾರದಿರಲಿ ಎಂದೋ ಬರಲಿ ಎಂದೋ ಅವಳಿಗೇ ತಿಳಿಯಲಿಲ್ಲ. ಮೂರನೇ ಬೆಳಿಗ್ಗೆ ಬೂಟಿನ ಸದ್ದು ಕೇಳಿತು.

"ಯೋಚ್ನೆ ಮಾಡ್ದೆ," ಅಂದ ಅವನು, ಮೋತಿಯ ಕುತ್ತಿಗೆ ನೇವರಿಸುತ್ತಾ. "ಯುದ್ಧ ನಂಗೆ ತಿಳಿಯಾಕಿಲ್ಲ. ಆದ್ರೆ ಅಲ್ಲಿ ಅಷ್ಟೊಂದು ಕುದ್ರೆ, ಕಾಲಿಗೆ ಲಾಳ ಇಲ್ದೆ. ಅವು ನನ್ ಕಣ್ಮುಂದೆ ಬಂದ್ ನಿಂತ್ಕತವೆ. ಇಲ್ಲೇ ಎತ್ತು ಕೆಡವ್ತಾ ಕೂತ್ಕೊಳ್ಳಾಕೆ ಇನ್ ಆಗಾಕಿಲ್ಲ ನನ್ ಕೈಲಿ."

"ಲಾಳ ಹೊಡೆಯೋನು ಅಂತ ಗುಂಡು ಬಿಟ್ಟು ಹೋಗಲ್ಲ," ಅಂದಳು ಶರೀಫಾ.

"ಗೊತ್ತು. ರಾತ್ರಿಯೆಲ್ಲಾ ಅದೇ ಹೆದ್ರಿಕೆ." ಅವನು ಅವಳ ಕಡೆ ತಿರುಗಿದ. ಆಮೇಲೆ ಬಗ್ಗಿ ಮೋತಿಯ ಕಾಲು ಎತ್ತಿಕೊಂಡ.

ಬಕ್ರೀದ್ ಮುಗಿದ ಮಧ್ಯಾಹ್ನ ಮುನ್ನೀಬಿ ತಟ್ಟೆಯಲ್ಲಿ ವೀಳ್ಯ, ಸಕ್ಕರೆ, ಹಸಿರು ಬಳೆ ಇಟ್ಟುಕೊಂಡು ಬಂದಳು. ಗಂಡ ಸತ್ತ ಮೇಲೆ ಮಗನೊಬ್ಬನನ್ನೇ ನೋಡಿಕೊಂಡು ಬದುಕಿದ ಹೆಂಗಸು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

"ಈ ಶುಕ್ರವಾರವೇ ನಿಕಾಹ್ ಮಾಡ್ಬುಡಾಣ ಅಣ್ಣಾ. ಮನೇಲಿ ಎಂಡ್ರು ಬಂದ್ ಕೂತ್ರೆ ಯಾವ ಗಂಡು ಕಡ್ಲು ದಾಟ್ತಾನೆ? ನೀನು ಒಂದ್ ಮಾತು ಒಪ್ಕೊ ಶರೀಫಾ, ನನ್ ಮಗ ನಂಗೆ ಉಳೀತಾನೆ."

ಪೀರ್ ಸಾಬ್ ಮಗಳ ಕಡೆ ನೋಡಿದರು. "ನಿನ್ನ ಮರ್ಜಿ."

ಶರೀಫಾ ಬಳೆಗಳನ್ನು ನೋಡಿದಳು. ಎಷ್ಟು ದಿನದಿಂದ ಆಸೆಪಟ್ಟದ್ದು ಈಗ ತಟ್ಟೆಯಲ್ಲೇ ಬಂದಿತ್ತು. ಕೈ ಚಾಚಿದರೆ ಅವನು ಇಲ್ಲೇ ಇರುತ್ತಾನೆ, ದಿನಾ ಸಂಜೆ ಮನೆಗೆ ಬರುತ್ತಾನೆ, ಮಕ್ಕಳಾಗುತ್ತವೆ. ಮತ್ತೆ ಮನೆ ಮುಂದಿನ ಬೇವಿನ ಮರದ ಕೆಳಗೆ ಎತ್ತು ಕೆಡವುತ್ತಾನೆ. ಮೋತಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡಾಗಿನ ಆ ಮುಖ ಮಾತ್ರ ಇರುವುದಿಲ್ಲ. ಅದನ್ನು ಕಸಿದುಕೊಂಡವಳು ನಾನೇ ಆಗಿರುತ್ತೇನೆ, ಅನ್ನಿಸಿತು.

"ಈಗ ಬೇಡ ಫೂಫು," ಅಂದಳು. ಕಾರಣ ಹೇಳಲಿಲ್ಲ. ಹೇಳಿದ್ದರೆ ಆ ತಾಯಿಯ ಮನಸ್ಸಿಗೆ ಇನ್ನೂ ನೋವಾಗುತ್ತಿತ್ತು.

ಮುನ್ನೀಬಿ ತಟ್ಟೆ ಎತ್ತಿಕೊಂಡು ಹೋದಳು. ಮನೆಗೆ ಹೋಗಿ ಮಗನಿಗೆ ಹೇಳಿದ್ದು ಒಂದೇ ಮಾತು: ಹುಡುಗಿ ಬೇಡ ಅಂದಳು.

ಆಮೇಲೂ ಅವನು ಕಲಿಯಲು ಬಂದ. ಆದರೆ ಮೋತಿಗೆ ಹೆಸರು ಹೇಳಿಕೊಳ್ಳಲಿಲ್ಲ, ಓರೆಗಣ್ಣು ಹಾಯಿಸಲಿಲ್ಲ, ಪಟ್ಟಿ ಬಿಚ್ಚಿಕೊಂಡರೆ ತಲೆ ತಗ್ಗಿಸಿ ತಾನೇ ಸುತ್ತಿಕೊಂಡ. ಪೀರ್ ಸಾಬ್‌ಗೆ ಕೆಮ್ಮುವ ಕೆಲಸವೇ ಉಳಿಯಲಿಲ್ಲ. ಶರೀಫಾಳಿಗೆ ಊಟ ಸೇರಲಿಲ್ಲ. ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದಳು. ಹೇಳಿದರೆ ಅವನು ಉಳಿದುಬಿಟ್ಟಾನು ಎಂದು ಹೆದರಿ ಮುಚ್ಚಿದಳು.

ದಫೇದಾರ ಹೇಳಿದ ಹಾಗೇ ಬಂದ. ಅಂಗಳದಲ್ಲಿ ಜನ ಸೇರಿದರು. ಕಂಠಪ್ಪ ಈ ಸಲ ಮೊದಲೇ ದೂರ ನಿಂತಿದ್ದ. ತಟ್ಟಿಯ ಹಿಂದೆ ಶರೀಫಾ, ಅವಳ ಪಕ್ಕದಲ್ಲಿ ಮುನ್ನೀಬಿ. ಕೋಪವಿದ್ದರೂ ಆ ಹೊತ್ತಿಗೆ ಮುನ್ನೀಬಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಶರೀಫಾಳ ಕೈಯೇ.

ಎರಡು ಮುಂಗಾಲು ಸರಾಗವಾಗಿ ಆದವು. ಬಲ ಹಿಂಗಾಲೂ ಆಯಿತು. ಎಡಗಡೆಯದಕ್ಕೆ ಬರುವಾಗ ಅವನ ಕೈಯಿಂದ ಗೊರಸು ಉಜ್ಜುವ ಅರ ಜಾರಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಕುದುರೆ ಬೆಚ್ಚಿ ಅವನತ್ತ ಕಿವಿ ಹಿಂದಕ್ಕೆ ಮಡಿಸಿತು. ಅವನು ಕೈಯಿಟ್ಟ. ಅದು ಕಾಲು ಕಸಿದುಕೊಂಡಿತು. ಮತ್ತೆ ಇಟ್ಟ, ಮತ್ತೆ ಕಸಿದುಕೊಂಡಿತು.

"ಇನ್ನೊಂದೇ ಸಲ ನೋಡು," ಅಂದ ದಫೇದಾರ. "ಆಗ್ಲಿಲ್ಲ ಅಂದ್ರೆ ಬಿಡಪ್ಪ. ಎಲ್ಲರ ಕೈಲೂ ಆಗೋ ಕೆಲಸ ಅಲ್ಲ."

ಶರೀಫಾ ಅವನ ಬೆನ್ನು ನೋಡಿದಳು. ಭುಜಗಳು ಕಿವಿಯವರೆಗೆ ಏರಿದ್ದವು. ಅವನು ಉಸಿರಾಡುತ್ತಿರಲಿಲ್ಲ.

ಸುಮ್ಮನಿದ್ದರೆ ಸಾಕಿತ್ತು. ಹೆಣ್ಣುಮಗಳು ಪರದೆಯ ಹಿಂದೆ ಸುಮ್ಮನಿರುವುದೇ ಮರ್ಯಾದೆ. ಸುಮ್ಮನಿದ್ದರೆ ಕುದುರೆ ಒದೆಯುತ್ತದೆ, ದಫೇದಾರ ಹೊರಟುಹೋಗುತ್ತಾನೆ, ಶಂಶುದ್ದೀನ್ ಹುಣಸೂರಿನಲ್ಲೇ ಇರುತ್ತಾನೆ. ಯಾರೂ ಯಾರನ್ನೂ ದೂರುವಂತಿಲ್ಲ. ಮುನ್ನೀಬಿಯ ಬೆರಳುಗಳು ಅವಳ ಕೈಯನ್ನು ಗಟ್ಟಿಯಾಗಿ ಅದುಮುತ್ತಿದ್ದವು.

"ಉಸಿರು ಬಿಡಿ," ಅಂದಳು ಶರೀಫಾ, ಅಂಗಳಕ್ಕೆಲ್ಲ ಕೇಳುವ ಹಾಗೆ.

ಗಂಡಸರೆಲ್ಲ ತಟ್ಟಿಯತ್ತ ತಿರುಗಿದರು. ಮುನ್ನೀಬಿ ಕೈಬಿಟ್ಟಳು. ಶಂಶುದ್ದೀನ್ ಮಾತ್ರ ತಿರುಗಲಿಲ್ಲ. ಅವನ ಭುಜಗಳು ಮೆಲ್ಲಗೆ ಇಳಿದವು. ಅಂಗೈ ತೊಡೆಯಿಂದ ಕೆಳಗೆ ಸರಿಯಿತು. ಕುದುರೆ ಒಮ್ಮೆ ಹಿಂತಿರುಗಿ ನೋಡಿ, ಭಾರವಾದ ಆ ಕಾಲನ್ನು ಅವನ ಮಡಿಲಿಗೆ ಕೊಟ್ಟಿತು. ಆಮೇಲೆ ಅಂಗಳದಲ್ಲಿ ಸುತ್ತಿಗೆಯ ಸದ್ದೊಂದೇ ಕೇಳುತ್ತಿತ್ತು.

ಜನ ಕರಗಿದ ಮೇಲೆ ಅವನು ಕೊಟ್ಟಿಗೆಗೆ ಬಂದ. ಶರೀಫಾ ಮೋತಿಯ ಹಿಂದೆ ನಿಂತು ಅಳುತ್ತಿದ್ದಳು.

"ಬ್ಯಾಡ ಅಂದೋಳು ಯಾಕೆ ಮಾತಾಡ್ದೆ?"

"ಬೇಡ ಅಂದಿದ್ದು ನಿಮ್ಮನ್ನಲ್ಲ." ಅವಳು ಕಣ್ಣೊರೆಸಿಕೊಂಡಳು. "ಫೂಫು ಕೇಳಿದ್ದು ನಿಮ್ಮನ್ನ ಕಟ್ಟಿಹಾಕೋಕೆ. ನನ್ನನ್ನೇ ಹಗ್ಗ ಮಾಡಿ. ನಾನು ಅದಾಗಲ್ಲ."

ಅವನು ಬಹಳ ಹೊತ್ತು ಅವಳನ್ನು ನೋಡುತ್ತಾ ನಿಂತ. ಮೊದಲ ದಿನ ಕುದುರೆಯ ಮುಂದೆ ನಿಂತಿದ್ದನಲ್ಲ, ಅದೇ ಬೆರಗಿನಲ್ಲಿ. ಈ ಸಲ ಅವನು ನೋಡುತ್ತಿದ್ದದ್ದು ತನ್ನನ್ನು ಅನ್ನುವುದು ಶರೀಫಾಳಿಗೆ ತಡವಾಗಿ ತಿಳಿಯಿತು.

"ಈಗ ನಾನು ಕೇಳುದ್ರೆ?" ಅಂದ.

"ಹೋಗೋದು ಬಿಟ್ಟು ಕೇಳ್ತೀರೋ, ಹೋಗ್ತಾ ಕೇಳ್ತೀರೋ?"

"ಓಯ್ತಾ. ಸೋಮವಾರ ಒಂಟೋಯ್ತೀನಿ. ವಾಪಸ್ ಬತ್ತೀನೋ ಇಲ್ವೋ ಗೊತ್ತಿಲ್ಲ. ಇದ್ನೆಲ್ಲ ತಿಳ್ಕೊಂಡು ಕೇಳೋದು ತೆಪ್ಪು ಅಂತ ಗೊತ್ತು. ಆದ್ರೂ ಕೇಳ್ದೆ ಓಗಾಕೆ ಆಗ್ತಿಲ್ಲ."

"ಹಾಗಾದ್ರೆ ಕೇಳಿ," ಅಂದಳು ಶರೀಫಾ. "ಇಷ್ಟು ದಿನ ಕಾದಿದೀನಿ."

ಭಾನುವಾರವೇ ನಿಕಾಹ್ ಆಯಿತು. ಹಸಿರು ಬಳೆಯ ತಟ್ಟೆ ಹಿಡಿದು ಮುನ್ನೀಬಿಯೇ ಬಂದು, ಬಳೆಗಳನ್ನು ಶರೀಫಾಳಿಗೆ ತಾನೇ ತೊಡಿಸಿದಳು. ಒಳಮನೆಯಲ್ಲಿ ಹೆಂಗಸರ ನಡುವೆ ಶರೀಫಾ ಮುಸುಕು ಹಾಕಿಕೊಂಡು ಕೂತಳು. ಹುಡುಗಿಯ ಒಪ್ಪಿಗೆ ಕೇಳಲು ಮಸೀದಿಯ ಹಿರಿಯರು ಇಬ್ಬರು ಸಾಕ್ಷಿಗಳೊಂದಿಗೆ ಪರದೆಯ ಹತ್ತಿರ ಬಂದರು. ಅಂಥ ಹೊತ್ತಿನಲ್ಲಿ ಹುಡುಗಿಯರು ಬಾಯಿ ಬಿಡುವುದಿಲ್ಲ. ಹಿಂದೆ ಕೂತ ಹಿರಿ ಹೆಂಗಸು ತಲೆಯನ್ನು ಮೆಲ್ಲಗೆ ಮುಂದಕ್ಕೆ ಅದುಮುತ್ತಾಳೆ, ಅದೇ ಹೂಂ ಅಂದ ಲೆಕ್ಕ. ಶರೀಫಾಳ ತಲೆಯ ಮೇಲಿದ್ದದ್ದು ಮುನ್ನೀಬಿಯ ಕೈ.

ಹಿರಿಯರು ಹೇಳಬೇಕಾದದ್ದನ್ನೆಲ್ಲ ಹೇಳಿದರು. ಆಮೇಲೆ ತಾವಾಗೇ ಇನ್ನೊಂದು ಮಾತು ಸೇರಿಸಿದರು. "ಹುಡುಗ ನಾಳೆ ಯುದ್ಧಕ್ಕೆ ಹೊರಟಿದಾನೆ ಮಗಳೇ. ಅದನ್ನ ತಿಳ್ಕೊಂಡೇ ಹೇಳು."

ತಲೆಯ ಮೇಲಿನ ಕೈ ಅದುಮಲಿಲ್ಲ. ಶರೀಫಾ ಆ ಕೈಯನ್ನು ಇಳಿಸಿ ತನ್ನ ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತಿಳ್ಕೊಂಡೇ ಹೇಳ್ತಾ ಇದೀನಿ," ಅಂದಳು. "ಕುಬೂಲ್."

ಹೊರಗೆ ಗಂಡಸರ ಗುಸುಗುಸು ನಿಂತಿತು. ಆಮೇಲೆ ಶಂಶುದ್ದೀನನನ್ನು ಕೇಳಿದಾಗ ಅವನು ಇನ್ನೂ ಪರದೆಯ ಕಡೆಯೇ ನೋಡುತ್ತಿದ್ದನಂತೆ. ಎರಡನೇ ಸಲ ಕೇಳಬೇಕಾಯಿತಂತೆ.

ಸಂಜೆ ಇಬ್ಬರನ್ನೂ ಎದುರುಬದುರು ಕೂರಿಸಿ, ತಲೆಯ ಮೇಲೆ ಕೆಂಪು ಬಟ್ಟೆ ಹೊದಿಸಿ, ನಡುವೆ ಕನ್ನಡಿ ಇಟ್ಟರು. ಗಂಡ ಹೆಂಡತಿಯಾಗಿ ಒಬ್ಬರನ್ನೊಬ್ಬರು ಮೊದಲು ನೋಡುವುದು ಆ ಕನ್ನಡಿಯಲ್ಲಿ. ಹೊರಗೆ ಹೆಂಗಸರು ಹಾಡುತ್ತಿದ್ದರು. ಬಟ್ಟೆಯ ಒಳಗೆ ಬೆಳಕೆಲ್ಲ ಕೆಂಪಾಗಿತ್ತು. ಶರೀಫಾ ಕಣ್ಣೆತ್ತಿದಾಗ ಕನ್ನಡಿಯಲ್ಲಿ ಅವನು ಆಗಲೇ ಅವಳನ್ನು ನೋಡುತ್ತಿದ್ದ.

"ಓಗ್ಲಾ?" ಅಂದ, ಅವಳಿಗೆ ಮಾತ್ರ ಕೇಳುವ ಹಾಗೆ.

ನಾಳೆಯ ದಾರಿ ಅವಳ ಕಣ್ಣ ಮುಂದೆ ಬಂತು. ಮೈಸೂರು, ಬೆಂಗಳೂರು, ರೈಲು, ಆಚೆ ದಡವಿಲ್ಲದ ನೀರು, ಅದರಾಚೆಯ ಮರಳು. ಅಷ್ಟೊಂದು ದೊಡ್ಡ ಲೋಕಕ್ಕೆ ಈ ಒಬ್ಬನನ್ನು ಕಳಿಸಲು ತನ್ನ ಒಂದು ಮಾತು ಬೇಕೆಂದು ಇವನು ಕಾಯುತ್ತಿದ್ದಾನೆ. ಅವಳಿಗೆ ಹೆದರಿಕೆಯಾಯಿತು, ಹೆಮ್ಮೆಯಾಯಿತು. ಕನ್ನಡಿಯಲ್ಲಿನ ಅವನ ಮುಖದಿಂದ ಅವಳು ಕಣ್ಣು ತೆಗೆಯಲಿಲ್ಲ.

"ಹೋಗಿ ಬನ್ನಿ," ಅಂದಳು.